ಸತುವಿನ ಬೆಳಕು, ಅರಿಶಿನದ ಬೆಳಕು

ಆಯುಧಪೂಜೆ ಹತ್ತಿರ ಬಂದಿತ್ತು. ವಿಜಯನಗರದ ಮಾರುಕಟ್ಟೆಯ ಫುಟ್‌ಪಾತಿನಲ್ಲಿ ಬೂದುಕುಂಬಳಕಾಯಿಗಳು ಆಗಲೇ ಗುಡ್ಡೆ ಬಿದ್ದಿದ್ದವು. ಬಾಳೆಕಂದು ಕಟ್ಟಿಕೊಂಡ ಸ್ಕೂಟರುಗಳು ಜನರ ಮಧ್ಯೆ ನುಗ್ಗುತ್ತಿದ್ದವು. ಚೆಂಡುಹೂವು ಕೊಳ್ಳಲು ನಿಂತಿದ್ದ ನನಗೆ ಪಕ್ಕದ ಪೂಜಾ ಸಾಮಾನಿನ ಗ್ರಂಧಿಗೆ ಅಂಗಡಿಯಿಂದ ಅರಿಶಿನದ ಘಾಟು ಬಂದು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಫೋನು. ಬಸವೇಶ್ವರನಗರದ ಕಾಲೇಜಿನಲ್ಲಿ ನನ್ನ ಬಳಿ ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ.

"ಮ್ಯಾಮ್, ಲ್ಯಾಬ್ ಪೂಜೆಗೆ ಅರಿಶಿನ ಎಷ್ಟು ತರ್ಲಿ?"

"ಒಂದು ಚಿಟಿಕೆನೂ ಬೇಡ."

"ಕುಂಕುಮ?"

"ಕುಂಕುಮಾನೂ ಅರಿಶಿನದಿಂದಾನೇ ಮಾಡೋದು ಕಣಮ್ಮ. ಅದೂ ಬೇಡ."

"ಅಕ್ಷತೆ?"

"ಅಕ್ಷತೆಗೆ ಏನು ಹಚ್ತಾರೆ, ಹೇಳು."

"ಹಾಗಾದ್ರೆ ಪೂಜೆನೇ ಬೇಡ್ವಾ ಮ್ಯಾಮ್?" ಎಂದು ಮೆಲ್ಲಗೆ ಕೇಳಿದಳು. ಹೂವು ನಾನೇ ತರುತ್ತೇನೆ, ಊದುಬತ್ತಿ ಬಾಗಿಲಾಚೆ ಹಚ್ಚೋಣ, ಕುಂಬಳಕಾಯಿ ಗೇಟಿನ ಹತ್ತಿರ ಒಡೆಯೋಣ, ಅರಿಶಿನ ಮಾತ್ರ ಲ್ಯಾಬಿನ ಹೊಸಿಲು ದಾಟಬಾರದು ಎಂದೆ. ಅವಳಿಗೆ ನಾನು ಯಾವುದೋ ಹೊಸ ನಮೂನೆಯ ನಾಸ್ತಿಕಳಂತೆ ಕಂಡಿರಬೇಕು. ಕಾರಣ ಹೇಳಬಹುದಿತ್ತು, ಆದರೆ ಅದನ್ನು ಹೇಳಬೇಕಾದರೆ ಒಂದು ಇಡೀ ಹಿಂಗಾರನ್ನೇ ಹೇಳಬೇಕು. ಹೂವಿನವಳು ಚಿಲ್ಲರೆಗಾಗಿ ಕೈಚಾಚಿ ನಿಂತಿದ್ದಳು.

ಅದು ನನ್ನ ಪಿಎಚ್.ಡಿ.ಯ ಕೊನೆಯ ವರ್ಷ. ಮನೆ ಗೋವಿಂದರಾಜನಗರದಲ್ಲಿ, ಲ್ಯಾಬು ಕೆಂಗೇರಿಯಲ್ಲಿ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೂತರೆ ನಾಯಂಡಹಳ್ಳಿ ಬರುವಾಗ ಬಾಗಿಲು ಮುಚ್ಚಿದ್ದರೂ ವೃಷಭಾವತಿ ಹೊಳೆಯ ಕೊಳಚೆ ವಾಸನೆ ಒಳಗೆ ಬರುತ್ತಿತ್ತು. ಆ ವಾಸನೆಗೆ ಎಚ್ಚರವಾದರೆ ಸಾಕು, ಇಳಿಯುವ ಜಾಗ ತಪ್ಪುತ್ತಿರಲಿಲ್ಲ. ಕೆಂಗೇರಿಯಲ್ಲಿ ಇಳಿದು, ಛತ್ರಿ ಬಿಚ್ಚಿ, ಮೈಸೂರು ರಸ್ತೆಯ ಲಾರಿಗಳು ಎರಚುವ ಕೆಸರನ್ನು ತಪ್ಪಿಸಿಕೊಂಡು ನಡೆದರೆ ನಮ್ಮ ಕಾಲೇಜು. ಅದರ ಹಿಂಭಾಗದಲ್ಲಿ, ಬೈಕ್ ಸ್ಟ್ಯಾಂಡಿನ ಪಕ್ಕ, ಮಳೆ ಬಂದರೆ ತಾರಸಿ ಸೋರುವ ಎರಡು ಕೋಣೆಗಳು. ಐದು ವರ್ಷ ನಾನು ನನ್ನ ಮನೆಗಿಂತ ಹೆಚ್ಚು ಹೊತ್ತು ಅಲ್ಲೇ ಇದ್ದೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಜೀವ ಹಿಂಡುವಂಥದ್ದು. ನಮ್ಮ ಮೈಯ ಜೀವಕೋಶಗಳೊಳಗೆ ಕಬ್ಬಿಣ, ತಾಮ್ರ, ಸತು ಎಂದು ಹಲವು ಲೋಹಗಳು ಅತಿ ಸಣ್ಣ ಅಯಾನುಗಳಾಗಿ ಓಡಾಡುತ್ತಿರುತ್ತವೆ. ಅವು ಕಣ್ಣಿಗೂ ಕಾಣುವುದಿಲ್ಲ, ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಕೋಶವನ್ನು ಕೊಂದು ಅರೆದರೆ ಎಷ್ಟು ಸತು ಇತ್ತು ಎಂದು ತಿಳಿಯುತ್ತದೆ. ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಒಂದು ಅಣುವನ್ನು ಕಟ್ಟಬೇಕು. ಅದು ಬದುಕಿರುವ ಕೋಶದೊಳಗೆ ನುಸುಳಬೇಕು, ಕೋಶವನ್ನು ಕೊಲ್ಲಬಾರದು, ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳದೆ ಸತುವನ್ನು ಮಾತ್ರ ಹಿಡಿಯಬೇಕು, ಹಿಡಿದ ಕೂಡಲೇ ಬೆಳಗಬೇಕು. ಕೈ ಖಾಲಿ ಇರುವ ತನಕ ಆ ಅಣು ತಾನು ನುಂಗಿದ ಬೆಳಕನ್ನು ಒಳಗೊಳಗೇ ಪೋಲು ಮಾಡುತ್ತದೆ, ಚಕ್ಕುಲಿ ಸಿಗದ ಮಗು ಮನೆಯೆಲ್ಲ ಓಡಾಡಿ ಸುಸ್ತಾಗುವ ಹಾಗೆ. ಸತು ಕೈಗೆ ಸಿಕ್ಕಿತೋ, ಒಂದು ಕಡೆ ಕೂತು ಹಸಿರಾಗಿ ಹೊಳೆಯುತ್ತದೆ. ಇಂಥದ್ದಕ್ಕೆ ನಾವು ಪ್ರೋಬ್ ಎನ್ನುತ್ತೇವೆ.

ನಾನು ಕಟ್ಟಿದ ಪ್ರೋಬುಗಳು ಒಂದರ ಹಿಂದೊಂದು ಕೈಕೊಟ್ಟವು. ಒಂದು ನೀರಿನಲ್ಲಿ ಕರಗಲಿಲ್ಲ, ಒಂದು ಕರಗಿತು ಆದರೆ ಬೆಳಗಲಿಲ್ಲ, ಇನ್ನೊಂದು ಸತುವಿಗೂ ಬೆಳಗಿತು ತಾಮ್ರಕ್ಕೂ ಬೆಳಗಿತು, ನೀತಿಯೇ ಇಲ್ಲ ಅದಕ್ಕೆ. ಹದಿನೇಳನೆಯದು ಮಾತ್ರ, ಗಾಜಿನ ನಳಿಕೆಯೊಳಗೆ ಸತುವಿನ ಒಂದು ತೊಟ್ಟು ಬಿದ್ದೊಡನೆ ಎಳೆ ಬಾಳೆಲೆಯ ಹಸಿರಿನಲ್ಲಿ ಹೊತ್ತಿಕೊಂಡಿತು. ತಾಮ್ರ ಹಾಕಿದೆ, ಸುಮ್ಮನಿತ್ತು. ಕಬ್ಬಿಣ ಹಾಕಿದೆ, ಸುಮ್ಮನಿತ್ತು. ಮತ್ತೆ ಸತು ಹಾಕಿದೆ, ಹೊತ್ತಿಕೊಂಡಿತು. ಆ ಸಂಜೆ ಮೆಟ್ರೊದಲ್ಲಿ ಸೀಟು ಖಾಲಿ ಇದ್ದರೂ ನಾನು ವಿಜಯನಗರದವರೆಗೆ ನಿಂತೇ ಬಂದೆ, ಕೂರುವುದಕ್ಕೆ ಆಗಲಿಲ್ಲ.

ನಳಿಕೆಯಲ್ಲಿ ಹೊತ್ತಿದ್ದು ಬದುಕಿರುವ ಕೋಶದಲ್ಲಿ ಹೊತ್ತಬೇಕಲ್ಲ. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅದೇ. ನನ್ನ ಗೈಡ್ ವಸಂತಾ ಮೇಡಂ ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಆ ಅಧ್ಯಾಯ ಮುಗಿದು ನನ್ನ ಸೆಮಿನಾರ್ ಆದರೆ ಸರಿ. ಇಲ್ಲವಾದರೆ ಬೇರೆ ಗೈಡ್ ಹುಡುಕಬೇಕು, ಅವರು ಅವರ ವಿಷಯ ಕೊಡುತ್ತಾರೆ, ಹದಿನೇಳನೆಯದು ಫ್ರೀಜರಿನ ಮೂಲೆಯಲ್ಲಿ ಕೂತು ಮರೆತುಹೋಗುತ್ತದೆ.

ಮೇಡಂ ಕುಳ್ಳಗಿದ್ದರು, ಇಸ್ತ್ರಿಯ ಕಾಟನ್ ಸೀರೆ, ಕನ್ನಡಕ ಮೂಗಿನ ತುದಿಯಲ್ಲಿ. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ". ನಳಿಕೆಯ ಹಸಿರನ್ನು ತೋರಿಸಿದಾಗಲೂ ಅದನ್ನೇ ಅಂದರು. ಜೊತೆಗೆ, ಐದು ವರ್ಷದಿಂದ ಕೇಳಿಸಿಕೊಂಡ ಮಾತನ್ನೇ ಮತ್ತೆ ಹೇಳಿದರು.

"ಹೊಳೆಯೋದನ್ನ ನಂಬ್ಬೇಡ ರೂಪಾ. ಏನು ಬೇಕಾದ್ರೂ ಹೊಳೆಯುತ್ತೆ. ಆರಿಸಿ ನೋಡು. ಸತು ಕಿತ್ಕೊಂಡ್ರೆ ಆರ್ಬೇಕು. ಆರ್ಲಿಲ್ಲ ಅಂದ್ರೆ ಅದು ನಿನ್ನ ಬೆಳಕಲ್ಲ."

ಸತುವನ್ನು ಪ್ರೋಬಿನ ಕೈಯಿಂದ ಕಿತ್ತುಕೊಳ್ಳುವ ಬೇರೊಂದು ರಾಸಾಯನಿಕವಿದೆ. ಪಕ್ಕದ ಮೇಜಿನ ಹರೀಶ ಅದಕ್ಕೆ "ಜಪ್ತಿದಾರ" ಎಂದು ಹೆಸರಿಟ್ಟಿದ್ದ. ಹರೀಶ ಕುರುಬರಹಳ್ಳಿಯವನು, ನನ್ನ ಜೊತೆಯೇ ಸೇರಿದವನು, ತಾಮ್ರದ ಪ್ರೋಬ್ ಮಾಡುತ್ತಿದ್ದ. ದಿನಾ ಮಧ್ಯಾಹ್ನ ಒಂದೇ ಡಬ್ಬಿ, ಅದರಲ್ಲಿ ಚಿತ್ರಾನ್ನ. ಇವನ ಚಿತ್ರಾನ್ನವೂ ಈ ಕಥೆಯಲ್ಲಿ ಬರುತ್ತದೆ.

ನಾವು ಆರಿಸಿಕೊಂಡಿದ್ದು ಇನ್ಸುಲಿನ್ ತಯಾರಿಸುವ ಕೋಶಗಳನ್ನು. ಅವು ಇನ್ಸುಲಿನ್ನನ್ನು ಅತಿ ಪುಟ್ಟ ಚೀಲಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತವೆ, ಗಂಟು ಕಟ್ಟಲು ಸತುವನ್ನು ಬಳಸುತ್ತವೆ. ಹಾಗಾಗಿ ಸತುವನ್ನು ನೋಡಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನಗೆ ಅದರಲ್ಲಿ ಇನ್ನೊಂದು ಆಸೆಯೂ ಇತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮುಂಚೆ ಫ್ರಿಜ್ಜಿನಿಂದ ಸೀಸೆ ತೆಗೆದು ತಾವೇ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದರು. ಅಪ್ಪನ ಅಂಗಡಿ ನಮ್ಮ ಮನೆಯ ಕೆಳಗೇ, ಸತುವಿನ ಲೇಪ ಕೊಟ್ಟ ಜಿಐ ಪೈಪು, ತಗಡು, ಬಕೆಟ್ಟು, ನಲ್ಲಿಗಳ ವ್ಯಾಪಾರ. ಹುಟ್ಟಿದಾಗಿನಿಂದ ಸತುವಿನ ನಡುವೆಯೇ ಬೆಳೆದವಳು ನಾನು, ಗೊತ್ತಿರಲಿಲ್ಲ ಅಷ್ಟೆ.

"ಸತು ಅಂದ್ರೆ ನಮ್ಮ ಬಕೆಟ್ ಮೇಲೆ ಹೂ ಹೂ ಥರ ಕಾಣುತ್ತಲ್ಲ, ಅದು ತಾನೆ?" ಎಂದು ಅಪ್ಪ ಒಮ್ಮೆ ಕೇಳಿದರು.

"ಅದೇ ಅಪ್ಪ. ನಿಮ್ಮ ಇನ್ಸುಲಿನ್ ಸೀಸೆ ಒಳಗೂ ಇದೆ."

ಅಪ್ಪ ಸೀಸೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನೀರಿನಷ್ಟು ತಿಳಿಯಾಗಿತ್ತು. "ಏನೂ ಕಾಣಲ್ವಲ್ಲೇ," ಎಂದರು. "ಕಾಣ್ಸೋದೇ ನನ್ ಕೆಲ್ಸ," ಎಂದೆ. ಅವತ್ತಿನಿಂದ ಅಂಗಡಿಗೆ ಬಂದವರಿಗೆಲ್ಲ ಪೈಪಿನ ಜೊತೆ ನನ್ನ ಪಿಎಚ್.ಡಿ.ಯ ವಿವರಣೆಯೂ ಉಚಿತವಾಗಿ ಸಿಗುತ್ತಿತ್ತು.

ಆಯುಧಪೂಜೆ ಬಂತು. ವರ್ಷವೆಲ್ಲ ಪುರಾವೆ ಎಲ್ಲಿ, ಪುರಾವೆ ಎಲ್ಲಿ ಎಂದು ಪ್ರಾಣ ತಿನ್ನುವ ಮೇಡಂ ಆ ಒಂದು ದಿನ ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಬರುತ್ತಿದ್ದರು. ಅದು ಅವರ ಕೊನೆಯ ಆಯುಧಪೂಜೆ ಬೇರೆ. ಒಂದು ಯಂತ್ರವೂ ಬಿಟ್ಟುಹೋಗಬಾರದು ಎಂದು ಅಪ್ಪಣೆಯಾಯಿತು. ಹರೀಶ ಅರಿಶಿನವನ್ನು ಗಾಜಿನ ತಟ್ಟೆಯಲ್ಲಿ ಗಟ್ಟಿಯಾಗಿ ಕಲಸಿದ. ದೊಡ್ಡ ಯಂತ್ರಗಳಿಗೆ ಅರಿಶಿನದ ಬೊಟ್ಟಿಟ್ಟು ಮೇಲೆ ಕುಂಕುಮ, ಸಣ್ಣ ಸಾಮಾನುಗಳಿಗೆ ಬರೀ ಅರಿಶಿನ. ಸೂಕ್ಷ್ಮದರ್ಶಕಕ್ಕೆ ಹೆಗಲ ಮೇಲೆ ಬೊಟ್ಟು, ಕೋಶ ಬೆಳೆಸುವ ಪೆಟ್ಟಿಗೆಗೆ ಹಣೆಯ ಮೇಲೆ ಬೊಟ್ಟು, ಸ್ವಿಚ್ ಬೋರ್ಡಿಗೆ, ಬಾಗಿಲ ಹಿಡಿಗೆ, ಕತ್ತರಿಗೆ, ಚಿಮುಟಕ್ಕೆ. ಮೇಡಂ ಮಂಗಳಾರತಿ ಎತ್ತಿದರು, ಕಡಲೆಪುರಿ ಹಂಚಿದರು, ಕುಂಬಳಕಾಯಿ ಒಡೆದು ಮೈಸೂರಿಗೆ ಮಗಳ ಮನೆಗೆ ಹೊರಟುಹೋದರು.

ವಿಜಯದಶಮಿ ಕಳೆದ ಮೇಲೆ ನಾವು ಬಾಗಿಲು ತೆಗೆದೆವು. ಎಲ್ಲ ಬೊಟ್ಟುಗಳನ್ನೂ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ, ಹರೀಶ "ನೋಡೇ, ಶೋರೂಮ್ ಥರ ಆಯ್ತು," ಎಂದ. ಚಿಮುಟವನ್ನು ಒರೆಸುವ ಗೋಜಿಗೆ ಯಾರೂ ಹೋಗಲಿಲ್ಲ. ಅದರ ಮನೆಯೇ ಸ್ಪಿರಿಟ್ ತುಂಬಿದ ಒಂದು ಸ್ಟೀಲ್ ಲೋಟ. ಗಾಜಿನ ಬೀಕರ್ ಒಡೆದ ಮೇಲೆ ನಾನೇ ಮನೆಯಿಂದ ತಂದಿಟ್ಟ ಲೋಟ. ಅದರೊಳಗೆ ಇಳಿಬಿಟ್ಟರೆ ತಾನಾಗಿಯೇ ತೊಳೆದುಹೋಗುತ್ತದೆ ಎಂದು ಇಳಿಬಿಟ್ಟೆವು. ತೊಳೆದೂ ಹೋಯಿತು.

ಕೋಶಗಳನ್ನು ಬೆಳೆಸುವುದು ಬೆರಳುಗುರಿನಗಲದ ತೆಳು ಗಾಜಿನ ಬಿಲ್ಲೆಗಳ ಮೇಲೆ. ಪ್ರತಿ ಬಿಲ್ಲೆಯನ್ನೂ ಆ ಚಿಮುಟದಲ್ಲಿ ಹಿಡಿದು, ಆ ಲೋಟದ ಸ್ಪಿರಿಟಿನಲ್ಲಿ ಅದ್ದಿ, ಆರಿಸಿ, ತಟ್ಟೆಯಲ್ಲಿಟ್ಟು ಮೇಲೆ ಕೋಶಗಳನ್ನು ಬಿತ್ತಬೇಕು. ಕ್ರಿಮಿ ಸೋಕಬಾರದು ಎಂಬ ಎಚ್ಚರಿಕೆ. ನಮ್ಮ ಎಚ್ಚರಿಕೆಗೆ ಏನೂ ಕೊರತೆ ಇರಲಿಲ್ಲ.

ಮರುದಿನ ಕೋಶಗಳಿಗೆ ಹದಿನೇಳನೆಯದನ್ನು ಉಣಿಸಿ, ಕಿಟಕಿಗೆಲ್ಲ ಕಪ್ಪು ಚಾರ್ಟ್ ಪೇಪರ್ ಅಂಟಿಸಿದ ಒಳಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹಸಿರು. ಎಲ್ಲೆಲ್ಲೂ ಹಸಿರು. ಒಂದೊಂದು ಕೋಶವೂ ಅಂಚಿನಿಂದ ಅಂಚಿಗೆ, ಹೊಸದಾಗಿ ಬಣ್ಣ ಬಳಿದ ಗೋಡೆಯ ಹಾಗೆ ಒಂದೇ ಸಮ ಹೊಳೆಯುತ್ತಿತ್ತು. ಹರೀಶನ ಅಂಗಿ ಹಿಡಿದು ಎಳೆದು ನೋಡು ಎಂದು ಕೈಯಲ್ಲೇ ತೋರಿಸಿದೆ.

"ಲೇ, ಇದು ಕೆಲ್ಸ ಅಂದ್ರೆ," ಎಂದ ಅವನು. "ಮುಗೀತು ಕಣೇ ನಿನ್ ಪಿಎಚ್.ಡಿ. ಬಿರಿಯಾನಿ ಕೊಡ್ಸು."

ಆ ಸಂಭ್ರಮದಲ್ಲಿ ಇದ್ದ ಬಿಲ್ಲೆಗಳಿಗೆಲ್ಲ ಪ್ರೋಬ್ ಹಾಕಿ ನೋಡಿಬಿಟ್ಟೆವು. ಪ್ರೋಬ್ ಹಾಕದ ಒಂದು ಬಿಲ್ಲೆಯನ್ನು ಹೋಲಿಕೆಗೆ ಉಳಿಸಿಕೊಳ್ಳಬೇಕು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಜಪ್ತಿದಾರನ ಬಾಟಲಿ ಶೆಲ್ಫಿನಲ್ಲೇ ಕೂತಿತ್ತು. ಮೇಡಂ ಮೈಸೂರಿನಲ್ಲಿದ್ದರು. ನಾನು ಫೋಟೊವನ್ನು ಅಪ್ಪನಿಗೆ ಕಳಿಸಿದೆ. ಕೆಂಗೇರಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಅಪ್ಪನ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು, ಕೆಳಗೆ "ನನ್ನ ಮಗಳು ಸತು ತೋರಿಸಿದಳು" ಎಂದು. ಮನೆ ಮುಟ್ಟುವಷ್ಟರಲ್ಲಿ ಅಂಗಡಿಯ ಮುಂದೆ ಮೈಸೂರ್ ಪಾಕಿನ ಡಬ್ಬಿ ತೆರೆದಿತ್ತು. ಪ್ಲಂಬರುಗಳು, ಎದುರುಮನೆಯವರು, ನಲ್ಲಿಗೆ ವಾಷರ್ ಕೇಳಲು ಬಂದ ಅಜ್ಜಿ, ಎಲ್ಲರ ಕೈಯಲ್ಲೂ ಒಂದೊಂದು ತುಂಡು. ಅಪ್ಪ ತಾವು ಮಾತ್ರ ತಿನ್ನುವಂತಿರಲಿಲ್ಲ. ತುಪ್ಪದ ಬೆರಳನ್ನು ಮೂಸಿಕೊಂಡು ಸಂತೋಷಪಟ್ಟರು.

ಮೇಡಂ ಬಂದರು. ಫೋಟೊ ನೋಡಿದರು. "ಪರವಾಗಿಲ್ಲ" ಎನ್ನಲಿಲ್ಲ.

"ಇನ್ಸುಲಿನ್ ಚೀಲದಲ್ಲಿ ತಾನೆ ಸತು ಇರೋದು? ಇಲ್ಲಿ ಊರೆಲ್ಲ ಹೊಳೀತಿದೆ. ಪ್ರೋಬ್ ಹಾಕ್ದೇ ಇರೋ ಬಿಲ್ಲೆ ಎಲ್ಲಿ?"

ನಾನು ಹರೀಶನ ಮುಖ ನೋಡಿದೆ, ಹರೀಶ ಮೇಜು ನೋಡಿದ. ಹೊಸ ಬಿಲ್ಲೆಗಳನ್ನು ತಯಾರು ಮಾಡಿದೆ. ಪ್ರೋಬ್ ಹಾಕಿದ್ದಕ್ಕೆ ಜಪ್ತಿದಾರನನ್ನು ಸುರಿದೆ, ಹಸಿರು ಜಪ್ಪಯ್ಯ ಅಂದರೂ ಆರಲಿಲ್ಲ. ಪ್ರೋಬೇ ಹಾಕದ ಬಿಲ್ಲೆಯನ್ನು ನೋಡಿದೆ, ಅದೂ ಹಾಗೇ ಹೊಳೆಯುತ್ತಿತ್ತು. ನಾನು ಕಟ್ಟಿದ ಅಣು ಅಲ್ಲಿ ಇಲ್ಲವೇ ಇಲ್ಲ, ಬೆಳಕು ಮಾತ್ರ ಇದೆ.

ಆಮೇಲಿನ ವಾರವನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ, ಅದು ಬರೀ ಭಯ ಅಲ್ಲ, ಬೇಟೆಯ ಹುರುಪೂ ಹೌದು. ಮಳೆಗಾಲದಲ್ಲಿ ಇದೇ ಕೋಶಗಳು ಪ್ರೋಬ್ ಇಲ್ಲದೆ ಕತ್ತಲಾಗಿಯೇ ಇದ್ದವು. ಈಗ ಹೊಳೆಯುತ್ತಿವೆ ಎಂದರೆ ನಡುವೆ ಏನೋ ಬದಲಾಗಿದೆ. ಕೋಶಗಳಿಗೆ ಹಾಕುವ ಪೋಷಕ ದ್ರವವನ್ನು ಅನುಮಾನಿಸಿದೆವು, ಹೊಸದು ತಂದೆವು, ಹೊಳೆಯಿತು. ಸೂಕ್ಷ್ಮದರ್ಶಕದ ದೀಪವನ್ನು ಅನುಮಾನಿಸಿದೆವು, ಅದರ ಬಣ್ಣದ ಗಾಜುಗಳನ್ನು ಬಿಚ್ಚಿ ಒರೆಸಿದೆವು, ಇನ್ನೂ ಚೆನ್ನಾಗಿ ಹೊಳೆಯಿತು. ಹರೀಶ ಕೊನೆಗೆ ಕೋಶಗಳನ್ನೇ ಅನುಮಾನಿಸಿದ. "ಇವು ಬೇರೆ ಏನೋ ಆಗ್ಬಿಟ್ಟಿವೆ ಗುರು," ಎಂದು ಪಿಸುಗುಟ್ಟಿದ. ಮೇಡಂ ದಿನಾ ಬೆಳಿಗ್ಗೆ ಬಂದು "ಸಿಕ್ತಾ?" ಎಂದು ಕೇಳಿ ತಮ್ಮ ಕೋಣೆಗೆ ಹೋಗುತ್ತಿದ್ದರು. ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರು ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಸ್ವಾತಿ ಮಳೆ ಹುಯ್ಯಿತು ನೋಡಿ, ಕೆಂಗೇರಿಯ ರಸ್ತೆಗಳೆಲ್ಲ ಕೆರೆಯ ಕಡೆಗೇ ನಡೆದವು. ಒಂದು ಗುಡುಗಿಗೆ ಕರೆಂಟು ಹೋಯಿತು. ನಾನು ಒಳಕೋಣೆಯಲ್ಲಿದ್ದೆ. ಕಪ್ಪು ಕಾಗದದ ಕಿಟಕಿ, ಮುಚ್ಚಿದ ಬಾಗಿಲು, ಹಗಲಿನಲ್ಲೇ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಫೋನು ಹೊರಗಿತ್ತು. ತಡಕಾಡಿದಾಗ ಕೈಗೆ ಸಿಕ್ಕಿದ್ದು ಬ್ಯಾಟರಿಯ ನೇರಳೆ ಟಾರ್ಚು. ನಾವು ತಯಾರಿಸಿದ ಪುಡಿಗಳು ಹೊಳೆಯುತ್ತವೆಯೇ ಎಂದು ನೋಡಲು ಇಟ್ಟುಕೊಂಡಿದ್ದು. ಬಾಗಿಲು ಹುಡುಕಲು ಅದನ್ನೇ ಹಚ್ಚಿದೆ.

ಕೋಣೆಯ ತುಂಬ ಬೊಟ್ಟುಗಳು ಎದ್ದವು. ಸೂಕ್ಷ್ಮದರ್ಶಕದ ಹೆಗಲ ಮೇಲೆ ಒಂದು ದುಂಡನೆಯ ಹಸಿರು-ಹಳದಿ ಬೊಟ್ಟು, ಅದರ ಸುತ್ತ ಹತ್ತಿಯಲ್ಲಿ ಒರೆಸಿದ ಗೆರೆಗಳು. ಸ್ವಿಚ್ ಬೋರ್ಡಿನ ಮೇಲೆ ಬೊಟ್ಟು. ಬಾಗಿಲ ಹಿಡಿಯ ಮೇಲೆ ಹರೀಶನ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯೂ ಕಾಣುವಂತೆ. ಹಗಲಿನಲ್ಲಿ ಶೋರೂಮಿನ ಹಾಗಿದ್ದ ಕೋಣೆ ಈಗ ಪೂಜೆಯ ದಿನ ಇದ್ದ ಹಾಗೆಯೇ ಅಲಂಕಾರ ಮಾಡಿಕೊಂಡು ನಿಂತಿತ್ತು. ಅರಿಶಿನ. ಅರಿಶಿನ ನೇರಳೆ ಬೆಳಕಿಗೆ ಹೊಳೆಯುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟಿನಲ್ಲಿ ಮಾತ್ರ ಲೀಲಾಜಾಲವಾಗಿ ಕರಗುತ್ತದೆ. ನಾವು ಒರೆಸಿದ್ದಲ್ಲ, ಎಲ್ಲ ಕಡೆಗೂ ಹರಡಿದ್ದು.

"ಹರೀಶಾ, ಲೋಟ ತಗೊಂಡ್ಬಾ," ಎಂದು ಕೂಗಿದೆ.

"ಯಾವ್ ಲೋಟ?"

"ಚಿಮುಟದ ಲೋಟ ಕಣೋ."

ಸ್ಟೀಲ್ ಲೋಟದಲ್ಲಿ ಅದು ಬರೀ ಸ್ಪಿರಿಟಿನ ಹಾಗೇ ಕಾಣುತ್ತಿತ್ತು. ಗಾಜಿನ ನಳಿಕೆಗೆ ಸುರಿದೆ, ತಿಳಿಹಳದಿ. ಟಾರ್ಚ್ ಹಿಡಿದೆ, ನಮ್ಮ ಜಗದ್ವಿಖ್ಯಾತ ಹಸಿರು ಭಗ್ಗನೆ ಹೊತ್ತಿತು. ಒಂದೊಂದು ಬಿಲ್ಲೆಯನ್ನೂ ನಾವು ಭಕ್ತಿಯಿಂದ ಅರಿಶಿನದ ತೀರ್ಥದಲ್ಲಿ ಅದ್ದಿ ಅದ್ದಿ ಇಟ್ಟಿದ್ದೆವು, ಕೋಶಗಳು ಅದನ್ನು ಹೊಟ್ಟೆತುಂಬ ಕುಡಿದಿದ್ದವು. ಹರೀಶ ನೆಲದ ಮೇಲೆ ಕೂತು ನಗತೊಡಗಿದ. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಒಟ್ಟಿಗೇ ಮಾಡಿದೆ.

ಮೇಡಂ ಸೀರೆಯ ನೆರಿಗೆ ಎತ್ತಿಕೊಂಡು ಕತ್ತಲಲ್ಲಿ ಒಳಗೆ ಬಂದರು. ನಾನು ಟಾರ್ಚನ್ನು ಗೋಡೆಯಿಂದ ಗೋಡೆಗೆ ತಿರುಗಿಸಿದೆ. ಅವರು ಒಂದೊಂದೇ ಬೊಟ್ಟನ್ನು ನೋಡಿದರು. ಆಮೇಲೆ ನಕ್ಕರು. ಐದು ವರ್ಷದಲ್ಲಿ ಅವರು ಹಾಗೆ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಬೆಳಕು ಬೇಕು ಅಂತ ಬೇಡ್ಕೊಂಡೆ ಕಣೇ ಮಂಗಳಾರತಿ ಮಾಡುವಾಗ. ಯಾವ ಬೆಳಕು ಅಂತ ಸರಿಯಾಗಿ ಹೇಳಿರ್ಲಿಲ್ಲ ನೋಡು," ಎಂದರು. ನಗು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, "ಎಲ್ಲ ಬಿಸಾಕಿ. ಮೊದಲಿಂದ ಶುರು ಮಾಡಿ," ಎಂದರು.

ಅಪ್ಪನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬೆಳಕನ್ನು ಆರಿಸಿ ನೋಡದೆ ನಂಬಿಬಿಟ್ಟಿದ್ದನ್ನೂ ಸೇರಿಸಿ ಹೇಳಿದೆ. ಅಪ್ಪ ಪೈಪಿನ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು.

"ಅಂದ್ರೆ ನಾನು ಅರಿಶಿನದ ಫೋಟೊಗೆ ಮೈಸೂರ್ ಪಾಕ್ ಹಂಚಿದ್ನಾ?"

"ಹೂಂ."

"ಹೋಗ್ಲಿ ಬಿಡು, ಅರಿಶಿನ ಶುಭಾನೇ," ಎಂದರು. ಆದರೆ ಅವರ ಮುಖ ಸಣ್ಣದಾಗಿತ್ತು. ಆ ಪ್ಲಂಬರುಗಳು, ಆ ಎದುರುಮನೆಯವರು ದಿನಾ ಬಂದು "ಏನಾಯ್ತು ಸಾರ್ ಮಗಳ ಸತು?" ಎಂದು ಕೇಳುವವರೇ. ಅಪ್ಪ ಆ ದಿನದಿಂದ ನನ್ನ ವಿಷಯ ಎತ್ತುವುದನ್ನೇ ಬಿಟ್ಟರು. ಅದು ನನ್ನನ್ನು ಚುಚ್ಚಿತು. ಡಿಸೆಂಬರಿಗಿಂತ ಅದೇ ಹೆಚ್ಚು ಓಡಿಸಿತು ನನ್ನನ್ನು ಎಂದರೂ ತಪ್ಪಿಲ್ಲ.

ಅರಿಶಿನದ ಬಹಿಷ್ಕಾರ ಶುರುವಾಯಿತು. ಚಿಮುಟ ಹೊಸದು, ಬಿಲ್ಲೆಗಳು ಹೊಸವು, ಸ್ಟೀಲ್ ಲೋಟಕ್ಕೆ ಬಡ್ತಿ ಕೊಟ್ಟು ಮನೆಗೆ ಕಳಿಸಿದೆ. ನೇರಳೆ ಟಾರ್ಚ್ ಹಿಡಿದು ಇಡೀ ಲ್ಯಾಬನ್ನು ಮೊಳ ಮೊಳ ಉಜ್ಜಿದೆವು. ಬಾಗಿಲಲ್ಲಿ ನಿಂತು ಹರೀಶನ ಉಗುರುಗಳಿಗೆ ಟಾರ್ಚ್ ಹಿಡಿದರೆ ಹತ್ತೂ ಹೊಳೆಯುತ್ತಿದ್ದವು, ಚಿತ್ರಾನ್ನದ ಕೃಪೆ. ಅವನ ಡಬ್ಬಿಯನ್ನು ಬೈಕ್ ಸ್ಟ್ಯಾಂಡಿನಿಂದ ಈಚೆ ತರಬಾರದು ಎಂದು ಮೇಡಂ ಆಜ್ಞೆ ಮಾಡಿದರು. ಮನೆಯಲ್ಲಿ ಅಮ್ಮ ಶುಕ್ರವಾರ ಹೊಸಿಲಿಗೆ ಅರಿಶಿನ ಬಳಿದರೆ ನಾನು ಹಾರಿ ದಾಟುತ್ತಿದ್ದೆ. ದೀಪಾವಳಿಗೆ ಮನೆಗೆ ಬಂದ ಅತ್ತೆ ಅರಿಶಿನ-ಕುಂಕುಮ ಮುಂದೆ ಹಿಡಿದಾಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಅರಿಶಿನ ಬೇಡ ಅನ್ನೋ ಹೆಣ್ಣುಮಗಳನ್ನ ನಾನೆಲ್ಲೂ ನೋಡಿಲ್ಲಮ್ಮ," ಎಂದು ಅಮ್ಮ ಸಿಡುಕಿದಳು. ಆದರೂ ಮರುದಿನದಿಂದ ನನ್ನ ಸಾರಿಗೆ ಅರಿಶಿನ ಬೀಳಲಿಲ್ಲ. ಒಂದು ದಿನ ಹರೀಶನಿಗೆಂದೂ ಒಂದು ಡಬ್ಬಿ ಕಟ್ಟಿಕೊಟ್ಟಳು. ಒಳಗೆ ಬಿಳೀ ಚಿತ್ರಾನ್ನ. ಅವನು ಅದನ್ನು ತೆರೆದು ತುಂಬ ಹೊತ್ತು ನೋಡಿ, "ಆಂಟಿಗೆ ಥ್ಯಾಂಕ್ಸ್ ಹೇಳು, ಆದ್ರೆ ಇದು ಚಿತ್ರಾನ್ನ ಅಲ್ಲ," ಎಂದ.

ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಶಗಳ ಕೊನೆಯ ಸೀಸೆಯನ್ನು ಕರಗಿಸಿದೆವು. ಇವು ಕೆಟ್ಟರೆ ಬೇರೆ ಲ್ಯಾಬಿನಿಂದ ತರಿಸಬೇಕು, ಅಷ್ಟರಲ್ಲಿ ಮೇಡಂ ಮನೆಗೆ ಹೋಗಿರುತ್ತಾರೆ. ದಿನಾ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆದು ಅವು ಬದುಕಿವೆಯೇ ಎಂದು ನೋಡುತ್ತಿದ್ದೆ. ಬದುಕಿದ್ದವು. ಹರಡಿದವು, ಕೈ ಕೈ ಹಿಡಿದುಕೊಂಡವು, ಬಿಲ್ಲೆಯ ತುಂಬ ಆದವು. ಮಳೆ ನಿಂತು, ಬೆಳಗಿನ ಮೆಟ್ರೊದ ಕಿಟಕಿಯಿಂದ ಜ್ಞಾನಭಾರತಿಯ ಮರಗಳ ಮೇಲೆ ಮಂಜು ಕಾಣುವ ಹೊತ್ತಿಗೆ ನಾವು ತಯಾರಾಗಿದ್ದೆವು.

ಊಟದ ಹೊತ್ತು ಕಳೆದಿತ್ತು. ಮೊದಲು ಪ್ರೋಬ್ ಹಾಕದ ಬಿಲ್ಲೆ. ಕತ್ತಲು. ಇಷ್ಟು ಸಂತೋಷ ಕೊಡುವ ಕತ್ತಲನ್ನು ನಾನು ಕಂಡಿರಲಿಲ್ಲ. ಆಮೇಲೆ ಹದಿನೇಳನೆಯದನ್ನು ಉಣಿಸಿದ ಬಿಲ್ಲೆ. ಕಣ್ಣಿಟ್ಟೆ.

ಅದೂ ಕತ್ತಲು.

ಗುಂಡಿ ತಿರುಗಿಸಿದೆ, ಬಿಲ್ಲೆಯನ್ನು ಆ ಕಡೆ ಈ ಕಡೆ ಸರಿಸಿದೆ, ಏನೂ ಇಲ್ಲ. ನಳಿಕೆಯಲ್ಲಿ ಅಷ್ಟು ಚೆಂದ ಹೊತ್ತಿಕೊಂಡಿದ್ದು ಕೋಶದ ಬಾಗಿಲಲ್ಲೇ ನಿಂತುಬಿಟ್ಟಿತೇ? ಹರೀಶ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿನ್ ಕಣ್ಣಿಗೆ ಇನ್ನೂ ಅರಿಶಿನದ ಗುಂಗು. ಅಷ್ಟು ಬೆಳಕು ಹುಡುಕ್ಬೇಡ. ಕಣ್ಣು ಮುಚ್ಕೊಂಡು ಸುಮ್ನೆ ಕೂತ್ಕೋ."

ಕೂತೆ. ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿ ಹೋದರು. ಸಾಕು ಎಂದು ಮೇಡಂ ಹೇಳುವವರೆಗೂ ಕೂತು, ಮತ್ತೆ ಕಣ್ಣಿಟ್ಟೆ.

ಚುಕ್ಕಿಗಳು. ಮೊದಲು ಒಂದು, ಆಮೇಲೆ ಅದರ ಪಕ್ಕ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಕೋಶವೆಲ್ಲ ಅಲ್ಲ, ಕೋಶದೊಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಹಸಿರು ಚುಕ್ಕಿಗಳು, ಅಂಚಿನ ಕಡೆಗೆ ಗುಂಪುಗುಂಪಾಗಿ. ಕೆಲವು ನಿಂತಲ್ಲೇ ನಡುಗುತ್ತಿದ್ದವು, ಒಂದೆರಡು ಮೆಲ್ಲಗೆ ಸರಿಯುತ್ತಿದ್ದವು. ಅವೇ ಚೀಲಗಳು. ಒಳಗೆ ಇನ್ಸುಲಿನ್ನು, ಇನ್ಸುಲಿನ್ನಿನ ಗಂಟಿನಲ್ಲಿ ಸತು, ಸತುವಿನ ಕೈ ಹಿಡಿದು ನನ್ನ ಹದಿನೇಳನೆಯದು. ಅಪ್ಪನ ಹೊಟ್ಟೆಯೊಳಗೆ ಎಲ್ಲೋ ಬತ್ತಿಹೋದದ್ದು ಇಲ್ಲಿ ಬದುಕಿ ಓಡಾಡುತ್ತಿತ್ತು. ನನ್ನ ಕಣ್ಣು ತುಂಬಿ ಗಾಜು ಮಂಜಾಯಿತು. ಹರೀಶನಿಗೆ ಜಾಗ ಬಿಟ್ಟೆ, ಅವನು ನೋಡಿ ಮೇಡಂಗೆ ಜಾಗ ಬಿಟ್ಟ.

ಮೇಡಂ ನೋಡಿ ನೆಟ್ಟಗಾದರು. "ಆರಿಸು," ಎಂದರು.

ಕಂಡಿದ್ದನ್ನು ನನ್ನ ಕೈಯಾರೆ ಕೊಲ್ಲಬೇಕು, ಕೊಂದರೆ ಮಾತ್ರ ಅದು ನಿಜ. ಜಪ್ತಿದಾರನ ಒಂದು ತೊಟ್ಟನ್ನು ಬಿಲ್ಲೆಯ ಅಂಚಿಗೆ ಬಿಟ್ಟು, ಪರದೆಯ ಮೇಲೆ ಚಿತ್ರ ಮೂಡುವಂತೆ ಮಾಡಿ, ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಏನೂ ಆಗಲಿಲ್ಲ. ಚುಕ್ಕಿಗಳು ಹೊಳೆಯುತ್ತಲೇ ಇದ್ದವು. ಹರೀಶ "ಆರೋ, ಆರೋ ಮಗಾ," ಎಂದು ಗೊಣಗುತ್ತಿದ್ದ. ಆಗ ಎಡಗಡೆಯ ಅಂಚಿನ ಒಂದು ಚುಕ್ಕಿ ಮಂಕಾಯಿತು. ಅದರ ಪಕ್ಕದ್ದು ಮಂಕಾಯಿತು. ಬೀದಿಯ ದೀಪಗಳನ್ನು ಯಾರೋ ಒಂದೊಂದಾಗಿ ಆರಿಸುತ್ತ ಬಂದ ಹಾಗೆ ಅವು ಎಡದಿಂದ ಬಲಕ್ಕೆ ಆರುತ್ತ ಹೋದವು. ಪರದೆ ಪೂರ್ತಿ ಕಪ್ಪಾದಾಗ ನಾವು ಮೂವರೂ ಚಪ್ಪಾಳೆ ತಟ್ಟುತ್ತಿದ್ದೆವು. ಹೊರಗಿನಿಂದ ಕೇಳಿದವರಿಗೆ ಯಾರದೋ ಹುಟ್ಟುಹಬ್ಬ ಎನಿಸಿರಬೇಕು.

"ಈಗ ಬರಿ," ಎಂದರು ಮೇಡಂ. ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಚೆನ್ನಾಗಿದೆ," ಎಂದರು. ಆ ಮಾತನ್ನು ಮೇಡಂ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಆ ಸಂಜೆ ನಾನು ಅಪ್ಪನಿಗೆ ಫೋಟೊ ಕಳಿಸಲಿಲ್ಲ. ಮನೆಗೆ ಬಂದು ನೇರ ಅಂಗಡಿಗೆ ಹೋದೆ. ಅಪ್ಪ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಎತ್ತಿಡುತ್ತಿದ್ದರು. ಫೋನು ಮುಂದೆ ಹಿಡಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಚುಕ್ಕಿಗಳನ್ನು ನೋಡಿದರು. ಮುಖ ಅರಳಲು ಹೊರಟಿತು, ಅವರೇ ತಡೆದುಕೊಂಡರು.

"ಆರಿಸಿ ನೋಡಿದ್ಯಾ?" ಎಂದು ಕೇಳಿದರು.

ಮುಂದಿನ ಚಿತ್ರಕ್ಕೆ ಬೆರಳು ಸರಿಸಿದೆ. ಪೂರ್ತಿ ಕಪ್ಪು. "ನೋಡ್ದೆ ಅಪ್ಪ. ಆರ್ತು."

ಅಪ್ಪ ಆ ಕಪ್ಪು ಚಿತ್ರವನ್ನೇ ಬಹಳ ಹೊತ್ತು ನೋಡಿದರು, ಮೊದಲಿನದಕ್ಕಿಂತ ಹೆಚ್ಚು ಹೊತ್ತು. ಫೋನನ್ನು ನನ್ನ ಕೈಗಿಟ್ಟು, ಬಕೆಟ್ಟುಗಳನ್ನು ಬೀದಿಯಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೇಕರಿಯ ಕಡೆ ಹೊರಟೇಬಿಟ್ಟರು. ಡಬ್ಬಿ ಹಿಡಿದು ಬಂದಾಗ ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಹಂಚುವುದಕ್ಕೆ ಮೊದಲು ಅಪ್ಪ ಒಂದು ಮೈಸೂರ್ ಪಾಕನ್ನು ಮುರಿದು, ಅದರ ಮೂಲೆಯ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಅಮ್ಮನ ಮುಖ ನೋಡಿದರು. ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದ ಅಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಹೇಳಿ ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.